ಮೂಲಂಗಿ ತಪ್ಪಲ ತಿನ್ನೋ ಕರಿ ಹುಳ: ಎಣ್ಣಿ ಹೊಡೆಯೋ ಮೊದಲು ಕಾಲು ಎಣಿಸ್ರಿ

ಈ ವಾರದ ಸಂಚಿಕೆಯ ಬರಹ ರೂಪ ಇದು. ಹೊಲದಾಗ ನೆಟ್‌ವರ್ಕ್ ಸಿಗದೆ ಆಡಿಯೊ ನಿಂತು ನಿಂತು ಬರ್ತಿದ್ರೆ ಇಲ್ಲೇ ಓದಿಕೊಳ್ಳಿ.



ಎಳ್ಳ ಅಮಾವಾಸ್ಯೆಗೆ ಇನ್ನೂ ಹದಿನೈದು ದಿನ ಇತ್ತು. ಹುಣಸಗಿ ಹತ್ತಿರದ ಹಳ್ಳಿಯ ಗೆಳೆಯನೊಬ್ಬ ಬೆಳಗ್ಗೆ ಏಳಕ್ಕೇ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಹಾಕಿದ. ಅವರ ಅವ್ವ ಹೊಲದ ಬದುವಿನ ಪಕ್ಕ ಹಾಕಿದ್ದ ಮೂಲಂಗಿ ಸಾಲು ಅದು. ಮೂರು ವಾರದ ಸಸಿ. ಎಲೆ ಜರಡಿ ಹಿಡಿದಂಗ ತೂತು ತೂತು. ಎಲೆ ಅಂಚಿಗೆ ಎರಡು-ಮೂರು ಕರಿ ಹುಳ ಅಂಟಿಕೊಂಡಿದ್ವು. ಫೋಟೊ ಕೆಳಗೆ ಒಂದೇ ಸಾಲು: ಹತ್ತಿಗೆ ತಂದ ಎಣ್ಣಿ ಸ್ವಲ್ಪ ಉಳದದ, ಹೊಡೀಲೇನು?

ನಮ್ಮ ಕಡೆ ಎಣ್ಣಿ ಅಂದ್ರೆ ಕೀಟನಾಶಕ ಅಂತ ಬಿಡಿಸಿ ಹೇಳಬೇಕಿಲ್ಲ. ಅರ್ಧ ಗಂಟೆಯಲ್ಲಿ ಗ್ರೂಪಿನಲ್ಲಿ ಎಂಟು ಉತ್ತರ ಬಂದ್ವು. ಎಂಟೂ ಬೇರೆ ಬೇರೆ ಔಷಧದ ಹೆಸರು. ಒಬ್ಬನಂತೂ, ಬೇಗ ಹೊಡಿ, ಇಲ್ಲಾಂದ್ರೆ ಪಕ್ಕದ ಕಡಲೆಗೆ ಹಬ್ತದ ಅಂದ. ಆ ಹುಳ ಯಾವುದು ಅಂತ ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಆ ಸಾಲು ಮೂಲಂಗಿ ಮಾರೋದಕ್ಕಲ್ಲ, ಮನೆಗೆ. ನಮ್ಮ ಊಟದ ತಾಟಿನಲ್ಲಿ ಜೋಳದ ರೊಟ್ಟಿ ಪಕ್ಕ ಹಸಿ ಮೂಲಂಗಿ, ಅದರ ಎಳೆ ತಪ್ಪಲ, ಉಳ್ಳಾಗಡ್ಡಿ ಇರೋದು ದಿನದ ಮಾತು. ಬೇಯಿಸೋದಿಲ್ಲ. ತೊಳೆದ್ರೆ ತೊಳೆದ್ವಿ, ಇಲ್ಲಾಂದ್ರೆ ಹೊಲದಲ್ಲೇ ಮಣ್ಣು ಜಾಡಿಸಿ ಕಡಿಯೋದು. ಹತ್ತಿಗೆ ಹೊಡೆಯೋ ವಿಷ ಆ ಎಲೆ ಮೇಲೆ ಬಿದ್ರೆ ಅದು ನೇರ ಬಾಯಿಗೇ ಬರುತ್ತೆ. ಹದಿನೈದು ದಿನಕ್ಕೆ ಇಡೀ ಬಳಗ ಹೊಲಕ್ಕೆ ಬಂದು ಊಟಕ್ಕೆ ಕೂರೋದಿತ್ತು.

ನಾನು ಓದಿದ್ದು ಬಿಕಾಂ. ಹುಳದ ಶಾಸ್ತ್ರ ಗೊತ್ತಿರಲಿಲ್ಲ. ಕೃಷಿ ಓದಿದ ಗೆಳತಿಯೊಬ್ಬಳಿಗೆ ಆ ಫೋಟೊ ಕಳಿಸಿದೆ. ಅವಳು ಯಾವ ಔಷಧದ ಹೆಸರನ್ನೂ ಹೇಳಲಿಲ್ಲ. ಹುಳಕ್ಕೆ ಎಷ್ಟು ಕಾಲು ಅವ, ಎಣಿಸಿ ಹೇಳು ಅಂದಳು. ಎಣಿಸೋದು ನಮ್ಮ ಕೆಲಸವೇ. ಇವತ್ತಿನ ಸಂಚಿಕೆ ಆ ಎಣಿಕೆ ಮೇಲೆ ನಿಂತಿದೆ.

ಹೆಸರಲ್ಲಿ ನೊಣ, ಆದ್ರೆ ನೊಣ ಅಲ್ಲ

ಈ ಹುಳದ ಹೆಸರು ಸಾಸಿವೆ ಗರಗಸ ನೊಣ. ಇಂಗ್ಲಿಷಿನಲ್ಲಿ ಮಸ್ಟರ್ಡ್ ಸಾಫ್ಲೈ ಅಂತಾರೆ. ವಿಜ್ಞಾನದ ಹೆಸರು ಅಥಾಲಿಯಾ ಲುಜೆನ್ಸ್ ಪ್ರಾಕ್ಸಿಮಾ. ಹಳೆ ಪುಸ್ತಕಗಳಲ್ಲಿ ಬರೀ ಅಥಾಲಿಯಾ ಪ್ರಾಕ್ಸಿಮಾ ಅಂತ ಸಿಗುತ್ತೆ. ಎರಡೂ ಒಂದೇ. ಹೆಸರು ಕೊಟ್ಟವನು ಜರ್ಮನಿಯ ಕೀಟತಜ್ಞ ಕ್ಲೂಗ್, 1815ರಲ್ಲಿ.

ಮನೆಯಲ್ಲಿ ಹಾರೋ ನೊಣಕ್ಕೆ ಎರಡೇ ರೆಕ್ಕೆ. ಗರಗಸ ನೊಣಕ್ಕೆ ನಾಲ್ಕು. ಅದು ಜೇನು, ಕಣಜ, ಇರುವೆ ಇರೋ ಗಣಕ್ಕೆ ಸೇರಿದ್ದು. ಆ ಗಣದಲ್ಲಿ ಕಣಜಕ್ಕೆ, ಇರುವೆಗೆ ಸೊಂಟ ದಾರದಷ್ಟು ತೆಳ್ಳಗೆ. ಗರಗಸ ನೊಣಕ್ಕೆ ಆ ಸಪೂರ ಸೊಂಟ ಇಲ್ಲ, ಎದೆಯಿಂದ ಹೊಟ್ಟೆವರೆಗೆ ಒಂದೇ ದಪ್ಪ. ದೊಡ್ಡ ಹುಳದ ಮೈ ಕಿತ್ತಳೆ ಬಣ್ಣ, ತಲೆ ಕರಿ, ರೆಕ್ಕೆ ಹೊಗೆ ಹಿಡಿದಂಗ ಮಬ್ಬು. ಕುಟ್ಟೋದಿಲ್ಲ, ಕಡಿಯೋದಿಲ್ಲ.

ಗರಗಸ ಅನ್ನೋ ಹೆಸರು ಯಾಕೆ? ಹೆಣ್ಣು ಹುಳದ ಹೊಟ್ಟೆ ತುದಿಯಲ್ಲಿ ಮೊಟ್ಟೆ ಇಡೋ ಅಂಗಕ್ಕೆ ಗರಗಸದಂಥ ಹಲ್ಲು ಇರ್ತವೆ. ಅದರಿಂದ ಎಲೆ ಅಂಚನ್ನು ಸೀಳಿ, ಒಳಗೆ ಒಂದೊಂದೇ ಮೊಟ್ಟೆ ಇಡುತ್ತೆ. ಮೊಟ್ಟೆ ಎಲೆ ಒಳಗೇ ಇರೋದ್ರಿಂದ ಮೇಲಿಂದ ನೋಡಿದ್ರೆ ಸುಲಭಕ್ಕೆ ಕಾಣಲ್ಲ. ನಾಲ್ಕರಿಂದ ಎಂಟು ದಿನಕ್ಕೆ ಮರಿ ಹೊರಗೆ ಬರುತ್ತೆ. ಎಲೆ ತಿನ್ನೋದೆಲ್ಲ ಈ ಮರಿಹುಳು. ಹಸಿರು ಮಿಶ್ರಿತ ಕಪ್ಪು ಬಣ್ಣ, ಮೈ ಸುಕ್ಕು ಸುಕ್ಕು. ಮುಟ್ಟಿದ್ರೆ ಸಾಕು, ಸುರುಳಿ ಸುತ್ಕೊಂಡು ನೆಲಕ್ಕೆ ಬಿದ್ದು ಸತ್ತಂಗ ನಟಿಸುತ್ತೆ. ಈ ನಾಟಕ ನೆನಪಿಟ್ಟುಕೊಳ್ರಿ, ಮುಂದೆ ಉಪಯೋಗಕ್ಕೆ ಬರುತ್ತೆ.

ಫೋನ್ ತೆಗೀರಿ, ಕಾಲು ಎಣಿಸ್ರಿ

ಎಲೆ ತಿನ್ನೋ ಉದ್ದನೆ ಹುಳ ಕಂಡ್ರೆ ನಾವೆಲ್ಲ ಕೀಡಿ ಅಂತೀವಿ. ಹತ್ತಿ, ತೊಗರಿ, ಕಡಲೆಯಲ್ಲಿ ಕಾಣೋ ಕೀಡಿಗಳು ಬಹುತೇಕ ಪತಂಗದ ಮರಿಗಳು. ಗರಗಸ ನೊಣದ ಮರಿ ಅವುಗಳ ಥರಾನೇ ಕಾಣುತ್ತೆ, ಆದ್ರೆ ಅದರ ವಂಶವೇ ಬೇರೆ. ಫೋಟೊ ಹಾಕಿ ಹುಡುಕಿದ್ರೂ ಬರೀ ಕೀಡಿ ಅಂತ ಉತ್ತರ ಬಂದೀತು. ಮೇಲಿಂದ ತೆಗೆದ ಫೋಟೊದಲ್ಲಿ ವ್ಯತ್ಯಾಸ ತಿಳಿಯೋದು ಕಷ್ಟ. ಪಕ್ಕದಿಂದ ತೆಗೀರಿ. ಹುಳ ಎಲೆ ಅಂಚು ಹಿಡಿದಿರುವಾಗ, ಬೆಳಗಿನ ಬಿಸಿಲಲ್ಲಿ, ಹತ್ತಿರದಿಂದ.

ಎರಡೂ ಹುಳಕ್ಕೆ ಮುಂದೆ, ತಲೆ ಹಿಂದೆ, ಮೂರು ಜೊತೆ ನಿಜವಾದ ಕಾಲು. ಅದನ್ನ ಬಿಡಿ. ಅದರ ಹಿಂದೆ ಹೊಟ್ಟೆ ಕೆಳಗೆ ಮೆತ್ತಗಿನ ಮೋಟು ಕಾಲು ಇರ್ತವೆ. ಇವಕ್ಕೆ ಹುಸಿಗಾಲು ಅಂತ ಹೆಸರು. ಎಣಿಸಬೇಕಾದ್ದು ಇವನ್ನ ಮಾತ್ರ.

ಪತಂಗ ಅಥವಾ ಚಿಟ್ಟೆಯ ಮರಿ ಆದ್ರೆ ಹುಸಿಗಾಲು ಹೆಚ್ಚೆಂದ್ರೆ ಐದು ಜೊತೆ. ಕೆಲವಕ್ಕೆ ಇನ್ನೂ ಕಡಿಮೆ. ಐದು ದಾಟಿ ಆರನೇ ಜೊತೆ ಸಿಕ್ತು ಅಂದ್ರೆ ಅದು ಗರಗಸ ನೊಣದ ಕಡೆಯದು. ಸಾಸಿವೆ ಗರಗಸ ನೊಣದ ಮರಿಗೆ ಎಂಟು ಜೊತೆ.

ಇಲ್ಲೊಂದು ಗೊಂದಲ ಇದೆ, ಹುಷಾರು. ಪತಂಗದ ಮರಿಗೆ ಮುಂದಿನ ಮೂರು, ಹಿಂದಿನ ಐದು ಸೇರಿಸಿದ್ರೂ ಒಟ್ಟು ಎಂಟೇ ಆಗುತ್ತೆ. ಅದಕ್ಕೇ ಒಟ್ಟು ಲೆಕ್ಕ ಬೇಡ, ಹಿಂದಿನವನ್ನ ಮಾತ್ರ ಎಣಿಸ್ರಿ. ಗರಗಸ ನೊಣದ ಮರಿಗೆ ಒಟ್ಟು ಎಣಿಸಿದ್ರೆ ಹನ್ನೊಂದು ಜೊತೆ.

ಎಣಿಸೋಕೆ ಆಗ್ಲಿಲ್ಲ ಅಂದ್ರೆ ಇನ್ನೊಂದು ಗುರುತು ಇದೆ. ಮುಂದಿನ ಕಾಲಿಗೂ ಹಿಂದಿನ ಹುಸಿಗಾಲಿಗೂ ನಡುವೆ ಖಾಲಿ ಜಾಗ ಎಷ್ಟು ಅಂತ ನೋಡ್ರಿ. ಪತಂಗದ ಮರಿಗೆ ಅಲ್ಲಿ ಎದ್ದು ಕಾಣೋವಷ್ಟು ಅಂತರ ಇರುತ್ತೆ. ಗರಗಸ ನೊಣದ ಮರಿಗೆ ಆ ಅಂತರ ಬಹಳ ಕಡಿಮೆ, ಕಾಲಿನ ಸಾಲು ಮುಂದಿಂದ ಹಿಂದಿನ ತನಕ ತುಂಬಿದಂಗ ಕಾಣುತ್ತೆ.

ಇಷ್ಟೆಲ್ಲ ಯಾಕೆ ಎಣಿಸಬೇಕು? ಅಂಗಡಿಯಲ್ಲಿ ಸಿಗೋ ಕೆಲವು ಜೈವಿಕ ಔಷಧ ಹುಳದ ವಂಶ ನೋಡಿ ಕೆಲಸ ಮಾಡ್ತವೆ. ಕೀಡಿಗೆ ಅಂತ ಮಾರೋ ಬಿಟಿ ಪುಡಿ, ಅಂದ್ರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಕುರ್ಸ್ಟಾಕಿ, ಪತಂಗ ಮತ್ತು ಚಿಟ್ಟೆಯ ಮರಿಗಳಿಗೆ. ತೊಗರಿ, ಕಡಲೆಯ ಕಾಯಿಕೊರಕಕ್ಕೆ ಹೊಡೆಯೋ ಎನ್‌ಪಿವಿ ಅನ್ನೋ ನಂಜಾಣು ಆ ಒಂದು ಹುಳಕ್ಕೇ ಮೀಸಲು. ಇವನ್ನ ಮೂಲಂಗಿ ಮೇಲಿನ ಗರಗಸ ನೊಣಕ್ಕೆ ಹೊಡೆದ್ರೆ ದುಡ್ಡು ಹೋಗುತ್ತೆ, ಹುಳ ಹೋಗಲ್ಲ. ಅದನ್ನ ನೋಡಿದವರು, ಜೈವಿಕ ಔಷಧ ಎಲ್ಲಾ ಸುಳ್ಳು ಅಂತ ಬಯ್ದು, ಮನೆಯಲ್ಲಿರೋ ಕಡು ವಿಷದ ಡಬ್ಬಿ ತೆಗೀತಾರೆ. ಔಷಧದ ತಪ್ಪಿಲ್ಲ ಅಲ್ಲಿ, ನಾವು ಹುಳ ಗುರುತು ಹಿಡೀಲಿಲ್ಲ ಅಷ್ಟೇ.

ಎಲ್ಲೆಲ್ಲಿ ಇದೆ ಈ ಹುಳ?

ಭಾರತ ಉಪಖಂಡ, ಮ್ಯಾನ್ಮಾರ್, ಇಂಡೊನೇಷ್ಯಾ, ತೈವಾನ್ ತನಕ ಈ ಜಾತಿ ಹಬ್ಬಿದೆ. ನಮ್ಮ ದೇಶದಲ್ಲಿ ಇದರ ಹೆಸರು ಹೆಚ್ಚು ಕೇಳೋದು ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶ, ಮಧ್ಯಪ್ರದೇಶದ ಕಡೆ. ಅಲ್ಲಿ ಹಿಂಗಾರಿನಲ್ಲಿ ಕಣ್ಣು ಹಾಯೋ ತನಕ ಸಾಸಿವೆ. ಸಸಿ ಮೂರು-ನಾಲ್ಕು ವಾರದ್ದಿರುವಾಗ ಈ ಹುಳ ಬಿದ್ರೆ ಮತ್ತೆ ಬಿತ್ತೋ ಪರಿಸ್ಥಿತಿಯೂ ಬರಬಹುದು.

ಹುಣಸಗಿ, ಸುರಪುರ, ಶಹಾಪುರ ಕಡೆ ಕಥೆ ಬೇರೆ. ನಾರಾಯಣಪುರ ಎಡದಂಡೆ ಕಾಲುವೆ ನೀರು ಸಿಕ್ಕ ಕಡೆ ಭತ್ತ. ಕರಿಮಣ್ಣಿನಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ, ಜೋಳ, ಕಡಲೆ. ಸಾಸಿವೆ, ಮೂಲಂಗಿ ಅಂದ್ರೆ ಹಿತ್ತಿಲಲ್ಲಿ ನಾಲ್ಕು ಮಡಿ, ಇಲ್ಲಾ ಹೊಲದ ಬದುವಿಗೆ ಒಂದು ಸಾಲು. ಹಂಗಾಗಿ ಈ ಹುಳದ ನಕ್ಷೆ ನಮ್ಮಲ್ಲಿ ಜಿಲ್ಲೆ ಲೆಕ್ಕದಲ್ಲಿ ಬರೆಯೋಕೆ ಬರಲ್ಲ, ಮಡಿ ಲೆಕ್ಕದಲ್ಲಿ ಬರೀಬೇಕು.

ಇದರದೇ ಕುಲದ ಇನ್ನೊಂದು ಹುಳ ಯುರೋಪಿನಿಂದ ಜಪಾನ್ ತನಕ ಇದೆ, ಅಥಾಲಿಯಾ ರೋಸೆ ಅಂತ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಟರ್ನಿಪ್ ಗಡ್ಡೆ ಬೆಳೆಯನ್ನ ಕರಿ ಹುಳ ಹೇಗೆ ನಾಶ ಮಾಡ್ತು ಅಂತ ವಿಲಿಯಂ ಮಾರ್ಷಲ್ ಅನ್ನೋ ಕೃಷಿ ಬರಹಗಾರ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1783ರಲ್ಲೇ ಬರೆದಿದ್ದ. ಟರ್ನಿಪ್ ಕೂಡ ಸಾಸಿವೆ ಕುಟುಂಬದ್ದೇ. ದೇಶ ಬೇರೆ, ಜಾತಿ ಬೇರೆ, ಆದ್ರೆ ತಾಟಿನಲ್ಲಿರೋದು ಅದೇ ಕುಟುಂಬ.

ಏನು ತಿನ್ನುತ್ತೆ, ಏನು ಮುಟ್ಟಲ್ಲ

ಸಾಸಿವೆ, ಮೂಲಂಗಿ, ಎಲೆಕೋಸು, ಹೂಕೋಸು, ನವಿಲುಕೋಸು, ಟರ್ನಿಪ್. ಇವೆಲ್ಲ ನೋಡೋಕೆ ಬೇರೆ ಬೇರೆ, ಆದ್ರೆ ಒಂದೇ ಮನೆತನ. ಗರಗಸ ನೊಣ ಈ ಮನೆತನ ಬಿಟ್ಟು ಹೊರಗೆ ಊಟ ಮಾಡೋದಿಲ್ಲ.

ಯಾಕೆ ಅಂತ ಅಡಿಗೆ ಮನೆಯಲ್ಲೇ ಗೊತ್ತಾಗುತ್ತೆ. ಇಡೀ ಸಾಸಿವೆ ಕಾಳು ಮೂಗಿನ ಹತ್ರ ಹಿಡೀರಿ, ಘಾಟು ಇಲ್ಲ. ಅದನ್ನೇ ನೀರು ಹಾಕಿ ಅರೀರಿ, ಮೂಗಿಗೆ ಹೊಡೆಯುತ್ತೆ. ಗಿಡದೊಳಗೆ ಗ್ಲೂಕೊಸಿನೊಲೇಟ್ ಅನ್ನೋ ವಸ್ತು ಒಂದು ಕಡೆ, ಅದನ್ನ ಒಡೆಯೋ ಕಿಣ್ವ ಇನ್ನೊಂದು ಕಡೆ ಇರ್ತವೆ. ಅರೆದಾಗ, ಜಗಿದಾಗ ಎರಡೂ ಸೇರ್ತವೆ, ಘಾಟು ಹುಟ್ಟುತ್ತೆ. ಗಿಡಕ್ಕೆ ಅದು ಕಾವಲು. ಬಹಳಷ್ಟು ಹುಳ ಆ ಘಾಟಿಗೆ ಹೆದರಿ ದೂರ ಹೋಗ್ತವೆ.

ಅಥಾಲಿಯಾ ಕುಲದ ಮರಿಗಳು ಹೆದರೋದಿಲ್ಲ. ಯುರೋಪಿನ ಅಥಾಲಿಯಾ ರೋಸೆ ಮೇಲೆ ನಡೆದ ಸಂಶೋಧನೆಯಲ್ಲಿ ಗೊತ್ತಾಗಿದ್ದೇನಂದ್ರೆ, ಮರಿಗಳು ಆ ಗ್ಲೂಕೊಸಿನೊಲೇಟನ್ನೇ ತಮ್ಮ ಮೈರಸದಲ್ಲಿ ಕೂಡಿಟ್ಟುಕೊಳ್ತವೆ. ಶತ್ರು ಕಚ್ಚಿದ್ರೆ ಅವುಗಳ ಚರ್ಮ ಸುಲಭಕ್ಕೆ ಒಡೆದು ಆ ರಸ ಹೊರಗೆ ಬರುತ್ತೆ. ಗಿಡದ ಕಾವಲನ್ನ ತಮ್ಮ ಕಾವಲು ಮಾಡಿಕೊಂಡ ಜಾಣರು. ಒಂದು ಮನೆತನದ ರುಚಿಗೆ ಇಷ್ಟು ಒಗ್ಗಿಕೊಂಡ ಮೇಲೆ ಬೇರೆ ಗಿಡ ಅವಕ್ಕೆ ಊಟವೇ ಅಲ್ಲ.

ಈಗ ಗ್ರೂಪಿನಲ್ಲಿ ಬಂದ ಆ ಮಾತಿಗೆ ವಾಪಸ್ ಬರೋಣ. ಹೊಡೀದಿದ್ರೆ ಕಡಲೆಗೆ ಹಬ್ತದ ಅಂದಿದ್ದು. ಕಾಯಿಕೊರಕ ಕೀಡಿ ಆಗಿದ್ರೆ ಆ ಭಯ ಸರಿ. ಅದು ಹತ್ತಿ, ತೊಗರಿ, ಕಡಲೆ, ಟೊಮ್ಯಾಟೊ, ಮೆಣಸಿನಕಾಯಿ ಎಲ್ಲಾ ತಿನ್ನುತ್ತೆ, ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತೆ. ಗರಗಸ ನೊಣ ಮೂಲಂಗಿ ಮುಗಿದ್ರೂ ಕಡಲೆಗೆ ಹೋಗೋದಿಲ್ಲ. ಹತ್ತಿಗೂ ಇಲ್ಲ, ತೊಗರಿಗೂ ಇಲ್ಲ. ಯಾವ ಹುಳ ಯಾವ ಗಿಡ ತಿನ್ನುತ್ತೆ ಅನ್ನೋ ಪಟ್ಟಿ ಪರೀಕ್ಷೆಗೆ ಬಾಯಿಪಾಠ ಮಾಡೋ ವಿಷಯ ಅಂತ ಅಂದ್ಕೊಂಡಿದ್ದೆ. ಅರ್ಧ ಹೆದರಿಕೆ ಕಡಿಮೆ ಮಾಡೋದೇ ಆ ಪಟ್ಟಿ. ಹೆದರಿಕೆ ಕಡಿಮೆ ಆದ್ರೆ ಅವಸರವೂ ಕಡಿಮೆ.

ಇನ್ನೊಂದು ಕಡೆ ಇದೇ ಪಟ್ಟಿ ಎಚ್ಚರಿಕೆಯನ್ನೂ ಕೊಡುತ್ತೆ. ಎಲೆಕೋಸು ಬೆಳೆಯೋರು ನಡುನಡುವೆ ಸಾಸಿವೆ ಸಾಲು ಹಾಕೋದನ್ನ ನೋಡಿರಬಹುದು. ಬೆಂಗಳೂರಿನ ಹೆಸರಘಟ್ಟದಲ್ಲಿರೋ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತಿಳಿಸಿಕೊಟ್ಟ ಪದ್ಧತಿ ಅದು. ಡೈಮಂಡ್ ಬ್ಯಾಕ್ ಅನ್ನೋ ಪತಂಗ ಕೋಸು ಬಿಟ್ಟು ಸಾಸಿವೆಗೆ ಬೀಳಲಿ ಅಂತ. ಒಳ್ಳೆ ಉಪಾಯ. ಆದ್ರೆ ಸಾಸಿವೆ ಗರಗಸ ನೊಣಕ್ಕೂ ಇಷ್ಟದ ಊಟ. ಹಾಕಿ ಮರೆತುಬಿಟ್ರೆ ಆಗಲ್ಲ, ಆ ಸಾಲನ್ನ ದಿನಾ ನೋಡ್ತಿರಬೇಕು.

ವರ್ಷದ ಲೆಕ್ಕ

ಈ ಹುಳದ ಹಂಗಾಮು ಅಕ್ಟೋಬರ್‌ನಿಂದ ಮಾರ್ಚ್. ಆ ತಿಂಗಳುಗಳಲ್ಲಿ ಎರಡು-ಮೂರು ಪೀಳಿಗೆ ಆಗ್ತವೆ. ಬೆಳೆದ ಮರಿ ನೆಲಕ್ಕಿಳಿದು, ಮಣ್ಣೊಳಗೆ ನೀರು ತಾಗದಂಥ ಗೂಡು ಕಟ್ಟಿಕೊಂಡು ಕೋಶ ಆಗುತ್ತೆ. ಬ್ಯಾಸಿಗೆ ಬಂತು ಅಂದ್ರೆ ಹೊರಗೆ ಬರೋದೇ ಇಲ್ಲ, ಆ ಗೂಡಿನಲ್ಲೇ ನಿದ್ದೆ. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಗೊತ್ತು. ಬ್ಯಾಸಿಗೆಯಲ್ಲಿ ಹುಳ ಕಾಣಲಿಲ್ಲ ಅಂದ್ರೆ ಹೋಯ್ತು ಅಂತಲ್ಲ, ಕಾಲ ಕೆಳಗೆ ಮಲಗಿರಬಹುದು.

ಈಗ ಇದರ ಪಕ್ಕ ಮೂಲಂಗಿ ಲೆಕ್ಕ ಇಡ್ರಿ. ನಲವತ್ತು-ಐವತ್ತು ದಿನದ ಬೆಳೆ. ಹುಳ ಜೋರಾಗಿ ಬೀಳೋದು ಮೂರು-ನಾಲ್ಕು ವಾರದ ಸಸಿಗೆ. ಅಂದ್ರೆ ಅವತ್ತು ಹೊಡೆದ ವಿಷಕ್ಕೂ ನಾವು ಕಿತ್ತು ತಿನ್ನೋ ದಿನಕ್ಕೂ ನಡುವೆ ಇರೋದು ಎರಡು-ಮೂರು ವಾರ. ತಪ್ಪಲ ಆದ್ರೆ ಇನ್ನೂ ಮುಂಚೆನೇ ಕೀಳ್ತೀವಿ. ಡಬ್ಬಿ ಮೇಲಿನ ಲೇಬಲ್‌ನಲ್ಲಿ ಯಾವ ಬೆಳೆಗೆ, ಯಾವ ಹುಳಕ್ಕೆ, ಹೊಡೆದ ಮೇಲೆ ಎಷ್ಟು ದಿನ ಕಾಯಬೇಕು ಅಂತ ಬರೆದಿರ್ತಾರೆ. ಹತ್ತಿ ಅಂತ ಬರೆದಿದ್ರೆ ಅದು ಹತ್ತಿಗೆ. ಮೂಲಂಗಿ ಎಲೆಗೆ ಎಷ್ಟು ದಿನ ಕಾಯಬೇಕು ಅನ್ನೋ ಲೆಕ್ಕ ಆ ಡಬ್ಬಿಯಲ್ಲಿ ಇರೋದೇ ಇಲ್ಲ. ಮೊನೊಕ್ರೊಟೊಫಾಸ್ ಅಂಥದ್ದನ್ನ ತರಕಾರಿ ಮೇಲೆ ಬಳಸೋದನ್ನ ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿದೆ. ಲೇಬಲ್ ಮೇಲಿನ ಕೆಂಪು ತ್ರಿಕೋನ ಅತಿ ಹೆಚ್ಚು ವಿಷ ಅನ್ನೋ ಗುರುತು.

ಹಂಗಾದ್ರೆ ಮಾಡೋದೇನು?

ಹಿತ್ತಿಲಲ್ಲಿ ಒಂದೆರಡು ಸಾಲು ಇರೋರಿಗೆ ಮೊದಲ ಔಷಧ ಕೈ. ಈ ಮರಿ ಬೆಳಗ್ಗೆ ಮತ್ತು ಸಂಜೆ ಎಲೆ ಮೇಲೆ ಬಂದು ತಿನ್ನುತ್ತೆ, ಬಿಸಿಲಿಗೆ ಮರೆಯಾಗುತ್ತೆ. ಹಂಗಾಗಿ ಮಧ್ಯಾಹ್ನ ಹೋಗಿ, ಹುಳ ಇಲ್ಲ ಅಂತ ವಾಪಸ್ ಬರಬೇಡಿ. ಬೆಳಗ್ಗೆ ಬೇಗ ಹೋಗಿ. ಮುಟ್ಟಿದ್ರೆ ಸುರುಳಿ ಸುತ್ಕೊಂಡು ಬೀಳುತ್ತೆ ಅಂದ್ನಲ್ಲ, ಸಸಿ ಕೆಳಗೆ ಸೋಪು ನೀರು ಹಾಕಿದ ಅಗಲ ತಾಟು ಹಿಡಿದು ಎಲೆ ಜಾಡಿಸ್ರಿ. ತಾವಾಗೇ ನೀರಿಗೆ ಬೀಳ್ತವೆ. ನಾಲ್ಕೈದು ದಿನ ಎರಡೂ ಹೊತ್ತು ಮಾಡಬೇಕು, ಯಾಕಂದ್ರೆ ಎಲೆ ಒಳಗಿನ ಮೊಟ್ಟೆಗಳು ದಿನಾ ಒಡೀತಿರ್ತವೆ.

ಎರಡನೇದು ನೀರು. ಸಸಿ ಸಣ್ಣದಿರುವಾಗ ಮಡಿಗೆ ನೀರು ಹಾಯಿಸಿದ್ರೆ ನೆಲದ ಮೇಲಿನ ಬಹಳಷ್ಟು ಮರಿ ಮುಳುಗಿ ಸಾಯ್ತವೆ. ಮೂರನೇದು ಬ್ಯಾಸಿಗೆಯಲ್ಲಿ ಆ ಜಾಗ ಅಗೆದು ಮಣ್ಣು ತಿರುವೋದು. ಮಲಗಿರೋ ಕೋಶ ಬಿಸಿಲಿಗೂ ಹಕ್ಕಿಗೂ ಸಿಗುತ್ತೆ.

ಇಷ್ಟಕ್ಕೂ ಬಗ್ಗದಿದ್ರೆ ಬೇವಿನ ಬೀಜದ ಕಷಾಯ, ಶೇಕಡಾ 5ರದ್ದು. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕರಗಿಸಿ ಸಂಜೆ ಹೊತ್ತು ಸಿಂಪಡಿಸೋದು. ಬೇವಿನ ಮರಕ್ಕೆ ನಮ್ಮ ಕಡೆ ಬರ ಇಲ್ಲ. ಬೀಜ ಆರಿಸಿ ಒಣಗಿಸಿಡೋ ಕೆಲಸ ಮಾತ್ರ ಬ್ಯಾಸಿಗೆಯಲ್ಲೇ ಆಗಬೇಕು.

ಸಾಸಿವೆ ಅಥವಾ ಕೋಸು ಎಕರೆಗಟ್ಟಲೆ ಹಾಕಿದವರು ಪಾಡ್‌ಕಾಸ್ಟ್ ಕೇಳಿ ಔಷಧ ಆರಿಸಬೇಡಿ. ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಹತ್ತಿರದ ರೈತ ಸಂಪರ್ಕ ಕೇಂದ್ರ ಇದೆ. ಕಿಸಾನ್ ಕಾಲ್ ಸೆಂಟರ್ ನಂಬರ್ 1800-180-1551, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಎರಡು ಫೋಟೊ ಇರಲಿ: ಹುಳದ್ದು ಪಕ್ಕದಿಂದ, ಗಿಡದ್ದು ಪೂರ್ತಿ. ಹುಳ ಯಾವುದು ಅನ್ನೋದರ ಅರ್ಧ ಉತ್ತರ ಗಿಡ ಯಾವುದು ಅನ್ನೋದರಲ್ಲೇ ಇರುತ್ತೆ.

ಆ ಸಾಲು ಏನಾಯ್ತು?

ಗೆಳೆಯನ ಮೊದಲ ಫೋಟೊ ಮಸುಕಾಗಿತ್ತು. ಪಕ್ಕದಿಂದ ಇನ್ನೊಂದು ತೆಗೆದು ಕಳಿಸಿದ. ಜೂಮ್ ಮಾಡಿ ಎಣಿಸಿದೆ. ಐದು ದಾಟ್ತು, ಆರು, ಏಳು, ಎಂಟು. ಗೆಳತಿಗೆ ಹೇಳಿದೆ. ತಾಟು ತಗೊಂಡು ಹೋಗೋಕೆ ಹೇಳು ಅಂದಳು.

ಅವನಿಗೆ ನಾಚಿಕೆ. ಪಂಪ್ ಬಿಟ್ಟು ರೊಟ್ಟಿ ತಾಟು ಹಿಡಕೊಂಡು ಹೊಲಕ್ಕೆ ಹೋದ್ರೆ ನಕ್ಕಾರು ಅಂದ. ಅವರ ಅವ್ವ ಮಾತ್ರ ತಾವೇ ತಾಟು ತಗೊಂಡು ಹೋದ್ರು. ಐದು ದಿನ ಬೆಳಗ್ಗೆ, ಸಂಜೆ ಜಾಡಿಸಿದ್ರು. ಎಲ್ಲಾ ಸಸಿ ಉಳೀಲಿಲ್ಲ. ಸಾಲಿನ ಒಂದು ತುದಿ ಪೂರ್ತಿ ಹೋಗಿತ್ತು, ಅಲ್ಲಿ ಮತ್ತೆ ಬೀಜ ಹಾಕಿದ್ರು. ಉಳಿದವಕ್ಕೆ ನಡುವಿನಿಂದ ಹೊಸ ಎಲೆ ಬಂತು, ತೂತಿಲ್ಲದ ಎಲೆ.

ಎಳ್ಳ ಅಮಾವಾಸ್ಯೆ ದಿನ ನಾನೂ ಹೋಗಿದ್ದೆ. ಸಜ್ಜಿ ರೊಟ್ಟಿ, ಭಜ್ಜಿ ಪಕ್ಕ ಮೂಲಂಗಿ ಇಟ್ಟಿದ್ರು. ಬೆರಳಷ್ಟೇ ದಪ್ಪ, ಇನ್ನೂ ಎಳೇದು. ತಪ್ಪಲ ಸಮೇತ ತಿಂದ್ವಿ. ಪಕ್ಕದಲ್ಲಿ ಅವರ ಅಣ್ಣನ ಮಗಳು, ನಾಲ್ಕು ವರ್ಷದ ಹುಡುಗಿ, ತೊಳೀದೆ ಒಂದು ಎಲೆ ಬಾಯಿಗಿಟ್ಟುಕೊಂಡಳು. ಯಾರೂ ಓಡಿಹೋಗಿ ಕಸಿದುಕೊಳ್ಳಬೇಕಾಗಲಿಲ್ಲ.

ನಿಮ್ಮ ಹಿತ್ತಿಲಲ್ಲಿ, ಬದುವಿನಲ್ಲಿ ಇಂಥ ಕರಿ ಹುಳ ಕಂಡ್ರೆ ಪಕ್ಕದಿಂದ ಫೋಟೊ ತೆಗೆದು, ಹಿಂದಿನ ಕಾಲು ಎಷ್ಟು ಅಂತ ಎಣಿಸಿ ನಮಗೂ ಕಳಿಸ್ರಿ. ಗಿಡ ಯಾವುದು, ಊರು ಯಾವುದು, ಯಾವ ತಿಂಗಳು ಅಂತ ಬರೀರಿ. ಮಡಿ ಲೆಕ್ಕದ ಆ ನಕ್ಷೆಯನ್ನ ನಾವೇ ಕೂಡಿ ಬರೆಯೋಣ. ಮುಂದಿನ ವಾರ ಸಿಗೋಣ್ರಿ.